ಕೈಗುಣದವರ ಮನೆ

ಆ ಮನೆಯ ಮುಂದಿನ ಕೋಣೆಯಲ್ಲಿ, ಬೇರೆಯವರ ಮನೆಯಲ್ಲಾದರೆ ಟಿವಿ ಇರುವ ಮೂಲೆಯಲ್ಲಿ, ಒಂದು ಅಲ್ಯೂಮಿನಿಯಂ ಕಂಟೇನರ್ ಕೂತಿತ್ತು. ಹೊಟ್ಟೆ ದಪ್ಪ, ಕುತ್ತಿಗೆ ಸಣ್ಣದು. ಒಳಗೆ ಹೋರಿಗಳ ವೀರ್ಯ ತುಂಬಿದ ಕಡ್ಡಿಯಂಥ ನಳಿಕೆಗಳು ದ್ರವ ನೈಟ್ರೋಜನ್ನಿನಲ್ಲಿ ಮುಳುಗಿಕೊಂಡಿದ್ದವು. ಅಲ್ಲಿನ ಚಳಿಗೆ ಜೀವ ಇದ್ದ ಹಾಗೇ ನಿಂತುಬಿಡುತ್ತದೆ, ಬೇಕಾದರೆ ವರ್ಷಗಟ್ಟಲೆ. ನೈಟ್ರೋಜನ್ ಮಾತ್ರ ದಿನವೂ ಇಷ್ಟಿಷ್ಟು ಆವಿಯಾಗಿ ಹೋಗುತ್ತಿರುತ್ತದೆ. ತೀರುವ ಮೊದಲೇ ತುಂಬಿಸಬೇಕು. ಒಮ್ಮೆ ತೀರಿತೆಂದರೆ ಒಳಗಿದ್ದದ್ದೆಲ್ಲ ಸತ್ತ ಹಾಗೆ. ಆಮೇಲೆ ಕುತ್ತಿಗೆಯವರೆಗೆ ತುಂಬಿಸಿದರೂ ಪ್ರಯೋಜನವಿಲ್ಲ. ನೋಡುವುದಕ್ಕೆ ಸತ್ತ ನಳಿಕೆಗೂ ಬದುಕಿರುವ ನಳಿಕೆಗೂ ಏನೂ ವ್ಯತ್ಯಾಸ ಕಾಣುವುದಿಲ್ಲ. ಈ ಕಥೆಯ ಗ್ರಹಚಾರವೆಲ್ಲ ಇರುವುದು ಅಲ್ಲೇ.

ಕಂಟೇನರಿನ ಪಕ್ಕದಲ್ಲಿ ಮನೆಯ ಹಿರಿಯರ ಮಂಚ. ಜೀವಮಾನವೆಲ್ಲ ಸುತ್ತಲಿನ ಹಸುಗಳಿಗೆ ಗಬ್ಬ ಕಟ್ಟಿಸಿದ ಮನುಷ್ಯ. ಅವರು ಡಾಕ್ಟರಲ್ಲ, ತರಬೇತಿ ಪಡೆದು ಕೆಲಸಕ್ಕೆ ಸೇರಿದವರು ಅಷ್ಟೇ. ಜನ ಮಾತ್ರ ಅವರನ್ನು ಕರೆಯುತ್ತಿದ್ದದ್ದು ಕೈಗುಣದ ಡಾಕ್ಟ್ರು ಎಂದು. ಹಸು ಗಬ್ಬವಾದರೆ ಅದು ಅವರ ಕೈಗುಣ, ಆಗದಿದ್ದರೆ ಹಸುವಿನ ದೋಷ. ಇಷ್ಟು ಅನುಕೂಲದ ಹೆಸರು ಎಲ್ಲರಿಗೂ ಸಿಗುವುದಿಲ್ಲ. ಹಸುವಿನೊಳಗೆ ಭುಜದವರೆಗೆ ಎಡಗೈ ಹಾಕಿ ಹಾಕಿ ಕೊನೆಗೆ ಆ ಭುಜವೇ ಹೋಯಿತು. ಚೊಂಬು ಎತ್ತಲೂ ಕಷ್ಟವಾಗತೊಡಗಿದಾಗ ಡೇರಿ ಸಂಘದವರು ಕೆಲಸವನ್ನೂ ಕಂಟೇನರನ್ನೂ ಸೊಸೆಯ ಹೆಸರಿಗೆ ಮಾಡಿದರು. ಅವಳು ಅದಕ್ಕಾಗಿಯೇ ತರಬೇತಿ ಮುಗಿಸಿ ಬಂದಿದ್ದಳು.

ಸೊಸೆಯ ಕೈಯೂ ಚೆನ್ನಾಗಿತ್ತು. ಮೊದಲ ವರ್ಷ ಅವಳು ಸ್ಕೂಟರಿನಲ್ಲಿ ಹೋಗಿ ಬಂದ ಕೊಟ್ಟಿಗೆಗಳಲ್ಲೆಲ್ಲ ಕರುಗಳು ಹುಟ್ಟಿದವು. ಜನ ಸಂತೋಷಪಟ್ಟರು.

"ಕೈಗುಣದವರ ಮನೆಯಲ್ವಾ, ಮಾವನ ಗುಣ ಸೊಸೆಗೂ ಬಂದಿದೆ" ಎಂದರು.

ಆಗಲೂ ಹೆಸರು ಬಂದದ್ದು ಮಾವನಿಗೇ. ಸೊಸೆಯೂ ನಕ್ಕಿದ್ದಳು. ನಗುವಂಥ ಮಾತೇ ಅದು, ಎಲ್ಲವೂ ಸರಿಯಿರುವವರೆಗೆ.

ಮಾವ ಸೊಸೆಗೆ ಜಗಳವೆಂದರೆ ಒಂದೇ ವಿಷಯಕ್ಕೆ. ನೈಟ್ರೋಜನ್ ಎಷ್ಟಿದೆ ಎಂದು ನೋಡಲು ಒಂದು ಅಳತೆಕೋಲಿದೆ. ಅದನ್ನು ತಳ ಮುಟ್ಟುವವರೆಗೆ ಇಳಿಸಿ, ಹೊರಗೆ ತೆಗೆದು ಗಾಳಿಯಲ್ಲಿ ಆಡಿಸಿದರೆ ಮುಳುಗಿದ್ದಷ್ಟು ಭಾಗಕ್ಕೆ ಬೆಳ್ಳಗೆ ಹಿಮ ಕಟ್ಟುತ್ತದೆ. ಸೊಸೆ ಬೆಳಿಗ್ಗೆ ಚಹಾ ಕುಡಿಯುವ ಮೊದಲೇ ಕೋಲು ಅದ್ದುವವಳು. ಮಾವನಿಗೆ ಅದು ಹುಡುಗಾಟ. ಅವರು ಕಂಟೇನರಿನ ಹಿಡಿಕೆ ಹಿಡಿದು ಒಂದು ಸಲ ವಾಲಿಸಿ, ಭಾರ ನೋಡಿ, "ಇದೆ, ಇನ್ನೂ ಒಂದು ವಾರಕ್ಕೆ ಯೋಚನೆ ಇಲ್ಲ" ಎನ್ನುವರು. ಒಂದು ಕಾಲದಲ್ಲಿ ಅವರ ಲೆಕ್ಕ ತಪ್ಪುತ್ತಲೂ ಇರಲಿಲ್ಲ. ಆದರೆ ಅವರು ಹಿಡಿಕೆ ಹಿಡಿಯುತ್ತಿದ್ದದ್ದು ಎಡಗೈಯಲ್ಲಿ. ಚೊಂಬೇ ಭಾರವಾಗುವ ಕೈಗೆ ಬರಿದಾದ ಕಂಟೇನರೂ ಭಾರವೇ. ಇದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ, ಅವರಿಗಂತೂ ಹೊಳೆಯುವುದು ಸಾಧ್ಯವಿರಲಿಲ್ಲ.

ಸೊಸೆಯ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ ಸುದ್ದಿ ಬಂತು. ಅವಳು ಬಟ್ಟೆ ತುಂಬಿಕೊಂಡು ಹೊರಟಳು. ಬಾಗಿಲ ಬಳಿ ನಿಂತು ಮತ್ತೊಮ್ಮೆ ಹೇಳಿದಳು.

"ಮಾವ, ದಿನಾ ಕೋಲು ಅದ್ದಿ ನೋಡಿ. ಕಮ್ಮಿ ಆದ್ರೆ ಇವರಿಗೆ ಹೇಳಿ, ಹಾಲಿನ ವ್ಯಾನಲ್ಲೇ ತಗೊಂಡು ಹೋಗಿ ತುಂಬಿಸ್ಕೊಂಡು ಬರ್ತಾರೆ."

"ನನಗೇ ಪಾಠ ಹೇಳ್ತೀಯಾ?"

"ಪಾಠ ಅಲ್ಲ ಮಾವ. ನೆನಪು ಮಾಡಿದೆ."

"ನೀನು ಹುಟ್ಟೋ ಮುಂಚಿನಿಂದ ಇದನ್ನ ನೋಡ್ಕೊಂಡು ಬಂದಿದೀನಿ. ಹೋಗು, ನಿಮ್ಮಮ್ಮನ್ನ ನೋಡ್ಕೋ."

ಅತ್ತೆ ಒಳಗಿನಿಂದ, "ಬೇಗ ಬಂದ್ಬಿಡಮ್ಮ. ಈ ಮನೆ ಪಾತ್ರೆ ನನ್ನೊಬ್ಬಳಿಂದ ಆಗಲ್ಲ" ಎಂದರು. ಸೊಸೆಯ ತಾಯಿಯ ಕಾಲಿನ ವಿಚಾರ ಕೇಳಲು ಅವರಿಗೆ ಮರೆತುಹೋಗಿತ್ತು.

ಮಾವ ದಿನಾ ಬೆಳಿಗ್ಗೆ ಎದ್ದು ಕಂಟೇನರನ್ನು ವಾಲಿಸಿ ನೋಡಿದರು. ದಿನಾ ಭಾರವಾಗೇ ಇತ್ತು.

ಕೊನೆಗೆ ಮಗ ನೆಲ ಒರೆಸಲೆಂದು ಅದನ್ನು ಸರಿಸಲು ಹೋದ. ಅವನು ಡೇರಿಯ ಹಾಲಿನ ವ್ಯಾನ್ ಓಡಿಸುವವನು, ಕ್ಯಾನುಗಳನ್ನು ಎತ್ತಿ ಎತ್ತಿ ಕೈ ಪಳಗಿದವನು. ಕಂಟೇನರ್ ಖಾಲಿ ಕ್ಯಾನಿನಷ್ಟು ಹಗುರವಾಗಿ ಎದ್ದು ಬಂತು.

"ಅಪ್ಪ, ಇದು ಖಾಲಿ ಇದೆ."

"ಖಾಲಿ ಹೇಗಾಗುತ್ತೆ? ಬೆಳಿಗ್ಗೆ ನೋಡಿದೀನಿ."

ಮಗ ಮುಚ್ಚಳ ತೆಗೆದ. ತೆಗೆದ ಕೂಡಲೇ ಏಳಬೇಕಾದ ಬಿಳಿ ಹೊಗೆ ಏಳಲಿಲ್ಲ. ಒಂದು ನಳಿಕೆ ಎತ್ತಿ ಬೆರಳುಗಳ ನಡುವೆ ಹಿಡಿದ. ಅದು ಜೇಬಿನಲ್ಲಿದ್ದ ಪೆನ್ನಿನ ರೀಫಿಲ್ಲಿನ ಹಾಗೆ ಬೆಚ್ಚಗಿತ್ತು. ತಂದೆ ಮಗನ ಕೈಯಿಂದ ಅದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಅಡುಗೆಮನೆಯಿಂದ ತಾಯಿ ಹಿಟ್ಟಿನ ಕೈಯಲ್ಲೇ ಬಂದು ನಿಂತರು.

"ಸಂಘಕ್ಕೆ ಹೇಳಬೇಕು. ಇದನ್ನೆಲ್ಲ ಬಿಸಾಡಿ ಹೊಸದು ತರಬೇಕು" ಎಂದ ಮಗ.

"ಹೇಳಿದ್ರೆ ಕಂಟೇನರ್ ವಾಪಸ್ ತಗೊಂಡು ಹೋಗ್ತಾರೆ" ಎಂದರು ತಂದೆ. "ಮನೇಲಿಟ್ಕೊಳ್ಳೋಕೆ ಯೋಗ್ಯತೆ ಇಲ್ಲ ಅಂತಾರೆ. ನನ್ನ ಕೈಯಲ್ಲಿ ಇಷ್ಟು ವರ್ಷ ಒಂದು ಹನಿ ಕೆಟ್ಟಿರಲಿಲ್ಲ."

"ಮತ್ತೆ ಈಗ?"

"ನಿನ್ನೆ ರಾತ್ರಿ ತೀರಿರಬೇಕು ಅಷ್ಟೇ. ತಳದಲ್ಲಿರೋವು ಇನ್ನೂ ಚೆನ್ನಾಗೇ ಇರ್ತವೆ. ಎಲ್ಲ ಸತ್ತಿರಲ್ಲ. ನೀನು ತುಂಬಿಸ್ಕೊಂಡು ಬಾ."

ಮಗ ತಾಯಿಯ ಮುಖ ನೋಡಿದ. "ಅಪ್ಪ ಹೇಳಿದ ಮೇಲೆ ಆಯ್ತಲ್ಲ" ಎಂದರು ತಾಯಿ. "ಈ ವಯಸ್ಸಲ್ಲಿ ಅವರನ್ನ ಊರಿನ ಬಾಯಿಗೆ ಹಾಕ್ತೀಯಾ? ಅವಳಿಗೂ ಹೇಳೋದು ಬೇಡ. ಸುಮ್ನೆ ತಲೆ ಕೆಡಿಸ್ಕೊತಾಳೆ."

ಮಗ ತುಂಬಿಸಿಕೊಂಡು ಬಂದ. ಸತ್ತದ್ದೆಲ್ಲ ಮತ್ತೆ ಹೆಪ್ಪುಗಟ್ಟಿ, ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳತೊಡಗಿತು. ಆ ಹೊಗೆ ಕಂಡು ಮೂವರಿಗೂ ಸಮಾಧಾನವಾಯಿತು. ಮನುಷ್ಯರು ಎಷ್ಟು ಸುಲಭಕ್ಕೆ ಸಮಾಧಾನ ಮಾಡಿಕೊಳ್ಳುತ್ತಾರೆ ಎಂದು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಸೊಸೆ ವಾಪಸಾದಳು. ಬಂದವಳೇ ಕೋಲು ಅದ್ದಿ ನೋಡಿ, "ತುಂಬಾ ಚೆನ್ನಾಗಿ ನೋಡ್ಕೊಂಡಿದೀರಿ ಮಾವ" ಎಂದಳು. ಮಾವ ಪೇಪರಿನಿಂದ ತಲೆ ಎತ್ತಲಿಲ್ಲ.

ಅವಳು ಎಂದಿನಂತೆ ಹಸು ಬೆದೆಗೆ ಬಂದಿದೆ ಎಂದು ಫೋನ್ ಬಂದಲ್ಲಿಗೆಲ್ಲ ಹೋದಳು. ನಳಿಕೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, ಒರೆಸಿ, ಉದ್ದ ಗ್ಲೌಸ್ ಹಾಕಿಕೊಂಡು, ಮಾಡಬೇಕಾದ್ದನ್ನೆಲ್ಲ ಸರಿಯಾಗಿ ಮಾಡಿದಳು. ಮೂರು ವಾರ ಕಳೆಯಿತು. ಗಬ್ಬ ನಿಲ್ಲದೆ ಹಸುಗಳು ಒಂದೊಂದಾಗಿ ಮತ್ತೆ ಬೆದೆಗೆ ಬರತೊಡಗಿದವು. ಮೊದಲು ಒಂದು, ಆಮೇಲೆ ಪಕ್ಕದ ಮನೆಯದು, ಆಮೇಲೆ ಇಡೀ ಬೀದಿಯದು. ಅವಳು ಮತ್ತೆ ಹೋದಳು, ಮತ್ತೆ ಅದೇ ಕಂಟೇನರಿನಿಂದ ತೆಗೆದು ಹಾಕಿದಳು. ಬೆದೆ ಮತ್ತೆ ಬಂತು.

ಜನ ಮನೆಗೇ ಬರತೊಡಗಿದರು. ಅವಳ ಹತ್ತಿರ ಅಲ್ಲ, ಮಾವನ ಹತ್ತಿರ. ಒಂದು ದಿನ ಟೈಲರಮ್ಮ ಬಂದಳು. ಬಟ್ಟೆ ಹೊಲಿದು ಬದುಕುವ ಹೆಂಗಸು. ಹೊಲಿಗೆಯ ದುಡಿಮೆಯಲ್ಲಿ ಒಂದೇ ಒಂದು ಕಡಸು ಸಾಕಿಕೊಂಡಿದ್ದಳು. ಗೇಟಿನಲ್ಲೇ ನಿಂತು ಹೇಳಿದಳು.

"ಡಾಕ್ಟ್ರೇ, ಎರಡು ಸಲ ಆಯ್ತು, ನಿಂತಿಲ್ಲ. ಅದರ ಮೇವಿಗೆ ನಾನು ಕಣ್ಣು ಕಳ್ಕೊಂಡು ಹೊಲೀತಿದೀನಿ. ನೀವೊಂದು ಸಲ ಬಂದು ಕೈ ಹಾಕಬಾರದಾ?"

"ನನ್ನ ಭುಜ ನೋಡಿದೀಯಲ್ಲಮ್ಮ."

"ಹಾಗಾದ್ರೆ ನಿಮ್ಮ ಸೊಸೆಗೆ ಹೇಳಿ ಸ್ವಲ್ಪ."

ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಸೊಸೆಗೆ ಎಲ್ಲ ಕೇಳಿಸುತ್ತಿತ್ತು. ಮಾವ ಏನನ್ನುತ್ತಾರೋ ಎಂದು ಚಾಕು ಹಿಡಿದ ಕೈ ನಿಲ್ಲಿಸಿ ಕಾದಳು. ಮಾವ ಭುಜ ಒತ್ತಿಕೊಂಡರು. ಆಮೇಲೆ ಹೇಳಿದರು.

"ಹೊಸಬಳು, ಕೈ ಇನ್ನೂ ಪಳಗಬೇಕು. ಹೇಳಿಕೊಡ್ತೀನಿ."

ಇಷ್ಟು ದಿನ ಸುಮ್ಮನಿದ್ದದ್ದನ್ನು ಅಂಜಿಕೆ ಎನ್ನಬಹುದಿತ್ತು. ಈ ಮಾತಿಗೆ ಅಂಥ ಒಳ್ಳೆಯ ಹೆಸರು ಯಾವುದೂ ಇಲ್ಲ.

ಟೈಲರಮ್ಮ ಹೋದ ಮೇಲೆ ಸೊಸೆ ಹೊರಗೆ ಬಂದಳು. ಜಗಳವಾಡಲು ಬಂದವಳಲ್ಲ. ಮಾವನ ಎದುರು ನೆಲದ ಮೇಲೆ ಕೂತಳು.

"ಮಾವ, ನನ್ನ ಕೈಯಲ್ಲಿ ಏನು ತಪ್ಪಿದೆ ಹೇಳಿ. ತಿದ್ಕೊತೀನಿ. ನಾನು ಮಲಗಿದ್ರೂ ಅದೇ ಯೋಚನೆ. ಎಲ್ಲಿಗೆ ಬಿಡಬೇಕೋ ಅಲ್ಲಿಗೇ ಬಿಡ್ತಿದೀನಿ ಅಂತ ಅನ್ಸುತ್ತೆ, ಆದ್ರೂ ಯಾಕೆ ನಿಲ್ತಿಲ್ಲ?"

ಮಾರನೆಯ ದಿನ ಮಾವ ಅವಳ ಸ್ಕೂಟರಿನ ಹಿಂದೆ ಕೂತು ಟೈಲರಮ್ಮನ ಕೊಟ್ಟಿಗೆಗೆ ಹೋದರು. ಅಲ್ಲಿ ನಡೆದದ್ದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೇ. ಸೊಸೆ ಕಡಸಿನ ಹಿಂದೆ ನಿಂತು ಕೈ ಹಾಕಿದಳು. ಮಾವ ಪಕ್ಕದಲ್ಲಿ ನಿಂತು ಗಂಭೀರವಾಗಿ ಹೇಳಿಕೊಟ್ಟರು.

"ಮಣಿಕಟ್ಟು ಬಿಗಿ ಮಾಡ್ತೀಯ. ಸಡಿಲ ಬಿಡು."

"ಹೀಗಾ?"

"ಹೂಂ. ಅವಸರ ಪಡಬೇಡ. ಅದಕ್ಕೂ ಗೊತ್ತಾಗುತ್ತೆ, ನಿನಗೆ ಹೆದರಿಕೆ ಅಂತ."

"ಸರಿ ಮಾವ."

ಅವಳು ಎಲ್ಲವನ್ನೂ ಕೇಳಿದಳು, ಹೇಳಿದ ಹಾಗೆ ಮಾಡಿದಳು, ಮುಗಿದ ಮೇಲೆ ಬಕೆಟಿನಲ್ಲಿ ಕೈ ತೊಳೆಯುತ್ತ, "ಈ ಸಲ ನಿಲ್ಲುತ್ತೆ ಮಾವ, ನನಗೆ ಗೊತ್ತಾಯ್ತು" ಎಂದಳು. ಮಾವ ಟೈಲರಮ್ಮ ಕೊಟ್ಟ ಚಹಾವನ್ನು ಅರ್ಧಕ್ಕೇ ಬಿಟ್ಟರು. ಮನೆಗೆ ಬಂದು ಊಟ ಬೇಡವೆಂದು ಮಲಗಿದರು. ಅತ್ತೆ ಅದಕ್ಕೂ ಸೊಸೆಯನ್ನೇ ಗದರಿದರು, ಬಿಸಿಲಿನಲ್ಲಿ ವಯಸ್ಸಾದವರನ್ನು ಸ್ಕೂಟರಿನಲ್ಲಿ ತಿರುಗಿಸಿದ್ದಕ್ಕೆ.

ಆ ಮನೆಗೆ ಒಬ್ಬಳು ಮಗಳೂ ಇದ್ದಳು, ಮದುವೆಯಾಗದವಳು, ಹೋರಿಗಳ ಕೇಂದ್ರದ ಲ್ಯಾಬಿನಲ್ಲಿ ಕೆಲಸ. ಕೃತಕ ಯೋನಿಯಲ್ಲಿ ಹೋರಿಯಿಂದ ಹಿಡಿದ ವೀರ್ಯ ಇನ್ನೂ ಬೆಚ್ಚಗಿರುವಾಗಲೇ ಒಂದು ಸಣ್ಣ ಕಿಟಕಿಯಿಂದ ಅವಳ ಕೈಗೆ ಬರುತ್ತಿತ್ತು. ಅದರ ಚಲನೆ ನೋಡಿ, ಇಡಬೇಕೋ ಚೆಲ್ಲಬೇಕೋ ಎಂದು ಹೇಳುವುದು ಅವಳ ಕೆಲಸ. ಹೆಣ್ಣು ನೋಡಲು ಬಂದವರಿಗೆ ತಾಯಿ, "ಹಾಲು ಪರೀಕ್ಷೆ ಮಾಡೋ ಕೆಲಸ" ಎಂದು ಹೇಳುತ್ತಿದ್ದರು. ಬಂದವರು ಹೋದ ಮೇಲೆ ಮಗಳು, "ಹೋರಿ ಹಾಲು ಕೊಡೋದು ಯಾವಾಗ ಶುರು ಮಾಡ್ತಮ್ಮ?" ಎಂದು ಕಾಡುತ್ತಿದ್ದಳು. ಪಾಳಿಯ ಕೆಲಸವಾದ್ದರಿಂದ ಅವಳು ಎಲ್ಲರೊಂದಿಗೆ ಊಟಕ್ಕೆ ಸಿಗುತ್ತಿದ್ದದ್ದೇ ಅಪರೂಪ. ಸಿಕ್ಕ ಒಂದು ದಿನ ಅತ್ತಿಗೆಯ ಮುಖ ನೋಡಿ ಕೇಳಿದಳು.

"ಅತ್ತಿಗೆ, ಎಷ್ಟು ಹಸು ವಾಪಸ್ ಬೆದೆಗೆ ಬಂದಿವೆ?"

"ಎಲ್ಲವೂ."

"ಎಲ್ಲವೂ ಅಂದ್ರೆ?"

"ನಾನು ಊರಿಂದ ಬಂದ ಮೇಲೆ ಮುಟ್ಟಿದ್ದು ಒಂದೂ ನಿಂತಿಲ್ಲ."

"ಹಾಗಾದ್ರೆ ಅದು ಕೈ ತಪ್ಪಲ್ಲ. ಕೈ ಎಷ್ಟು ಕೆಟ್ಟದಿದ್ರೂ ಅಲ್ಲೊಂದು ಇಲ್ಲೊಂದು ನಿಂತೇ ನಿಲ್ಲುತ್ತೆ. ಮಾಲು ನೋಡಬೇಕು. ಕಂಟೇನರ್ ಯಾವತ್ತಾದ್ರೂ ಒಣಗಿತ್ತಾ?"

ಅಣ್ಣನ ತುತ್ತು ಬಾಯಿಯ ಹತ್ತಿರ ನಿಂತಿತು. "ಊಟದ ಹೊತ್ತಲ್ಲಿ ಅದೆಲ್ಲ ಯಾಕೆ?" ಎಂದರು ತಾಯಿ. "ಅನ್ನ ಹಾಕ್ಕೋ, ಸಾರು ಆರ್ತಾ ಇದೆ."

"ಇಲ್ಲ, ನಾನು ಬಂದಾಗ ತುಂಬಿತ್ತು. ಮಾವ ನೋಡ್ಕೊಂಡಿದ್ರು" ಎಂದಳು ಸೊಸೆ. ಮಾವ ಮೊಸರು ಕಲಸಿಕೊಳ್ಳುತ್ತಿದ್ದರು, ಅಷ್ಟು ಹೊತ್ತು ಯಾರೂ ಮೊಸರು ಕಲಸುವುದಿಲ್ಲ.

ಮಗಳು ಮರುದಿನ ಒಂದು ಫ್ಲಾಸ್ಕಿನಲ್ಲಿ ನೈಟ್ರೋಜನ್ ಹಾಕಿಕೊಂಡು ಕಂಟೇನರಿನ ಬೇರೆ ಬೇರೆ ಕಡೆಯಿಂದ ಕೆಲವು ನಳಿಕೆಗಳನ್ನು ತೆಗೆದುಕೊಂಡು ಹೋದಳು. ಬೆಳಗಿನ ಹೋರಿಗಳ ಕೆಲಸ ಮುಗಿದ ಮೇಲೆ ಮನೆಯದನ್ನು ಕರಗಿಸಿ ಗಾಜಿನ ಮೇಲೆ ಒಂದು ಹನಿ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಸ್ವಲ್ಪ ಮುಂಚೆ ನೋಡಿದ ಹೋರಿಯ ಹನಿ ಉಕ್ಕುವ ಹಾಲಿನಂತೆ ಕದಲುತ್ತಿತ್ತು. ಇದರಲ್ಲಿ ಏನೂ ಅಲುಗಲಿಲ್ಲ. ಇನ್ನೊಂದು ನಳಿಕೆ, ಮತ್ತೊಂದು. ಎಲ್ಲವೂ ಹಾಗೇ. ಅವೇ ಹೋರಿಗಳ ನಳಿಕೆ ತೆಗೆದುಕೊಂಡು ಹೋದ ಬೇರೆ ಕಡೆಯವರಿಂದ ಒಂದು ದೂರೂ ಬಂದಿರಲಿಲ್ಲ. ಅವಳಿಗೆ ಮನೆಯವರ ಮುಖಗಳು ಒಂದೊಂದಾಗಿ ನೆನಪಾದವು.

ಮನೆಗೆ ಬಂದಾಗ ತಾಯಿ ಅಕ್ಕಿ ಆರಿಸುತ್ತಿದ್ದರು, ತಂದೆ ಮಂಚದ ಮೇಲಿದ್ದರು.

"ಎಲ್ಲ ಸತ್ತಿವೆ ಅಪ್ಪ."

"ಮೆಲ್ಲಗೆ ಮಾತಾಡು" ಎಂದರು ತಾಯಿ. "ಅವಳು ಬರೋ ಹೊತ್ತು."

ಅದಕ್ಕಿಂತ ಹೆಚ್ಚಿನ ಒಪ್ಪಿಗೆ ಬೇಕಿರಲಿಲ್ಲ. ಮಗಳು ಖಾಲಿ ಫ್ಲಾಸ್ಕನ್ನು ಮಂಚದ ಮೇಲಿಟ್ಟಳು.

"ನಿಮಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಅವರ ಕೈಲಿ ಬಡಿಸಿಕೊಂಡು ಊಟ ಮಾಡಿದ್ರಿ."

"ಎಲ್ಲ ಸತ್ತಿರಲ್ಲ ಅಂದ್ಕೊಂಡಿದ್ದೆ" ಎಂದರು ತಂದೆ.

"ಮೊದಲ ಹಸು ವಾಪಸ್ ಬಂದಾಗ ಅಂದ್ಕೊಂಡಿರಬಹುದು. ಆಮೇಲೆ?"

"ಖಾಲಿ ಇದ್ದದ್ದನ್ನ ಎತ್ತಿ ನೋಡಿದ್ದು ನಿನ್ನ ಅಣ್ಣ, ತುಂಬಿಸ್ಕೊಂಡು ಬಂದದ್ದೂ ಅವನೇ" ಎಂದರು ತಂದೆ. ಹಿತ್ತಲಲ್ಲಿ ಸ್ಕೂಟರ್ ನಿಂತ ಸದ್ದಾಯಿತು. "ನಿನ್ನ ಅಣ್ಣನ ಸಂಸಾರ ಕಣೇ" ಎಂದು ತಾಯಿ ಸೆರಗು ಹಿಡಿದು ಎಳೆದರೂ ಮಗಳು ನಿಲ್ಲಲಿಲ್ಲ. ಅತ್ತಿಗೆ ನಲ್ಲಿಯ ಕೆಳಗೆ ಗಂಬೂಟು ಉಜ್ಜುತ್ತಿದ್ದಳು. ಮಗಳು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಎಲ್ಲವನ್ನೂ ಹೇಳಿದಳು.

ಅತ್ತಿಗೆಯ ಮುಖ ಮೊದಲು ಅರಳಿತು. "ಹಾಗಾದ್ರೆ ನನ್ನ ಕೈ ಸರಿ ಇದೆ?"

"ನಿಮ್ಮ ಕೈಗೇನೂ ಆಗಿಲ್ಲ ಅತ್ತಿಗೆ."

"ಯಾರಿಗೆ ಗೊತ್ತಿತ್ತು?"

"ಅಪ್ಪ, ಅಮ್ಮ."

"ಇವರಿಗೆ?"

"ಅಣ್ಣನೇ ಎತ್ತಿ ನೋಡಿದ್ದಂತೆ."

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಅತ್ತಿಗೆ ಅದನ್ನು ನಿಲ್ಲಿಸಿ, ಗಂಬೂಟುಗಳನ್ನು ಗೋಡೆಗೆ ಒರಗಿಸಿಟ್ಟು, ಒಳಗೆ ಹೋಗಿ ಅನ್ನಕ್ಕೆ ನೀರಿಟ್ಟಳು.

ಅಂದು ಎಲ್ಲರಿಗೂ ಬಡಿಸಿ ಆದ ಮೇಲೆ ಅವಳು ಕೂರಲಿಲ್ಲ.

"ರೀ, ಖಾಲಿ ಕಂಟೇನರ್ ಎತ್ತಿದ್ದು ನೀವು. ನಾನು ರಾತ್ರಿ ಎದ್ದೆದ್ದು ಅಳ್ತಾ ಕೂತಾಗ ಬೆನ್ನು ಸವರಿ ಎಲ್ಲ ಸರಿ ಹೋಗುತ್ತೆ ಅಂದವರೂ ನೀವೇ. ಯಾವ ಬಾಯಲ್ಲಿ ಅಂದ್ರಿ?"

"ಅಪ್ಪನ್ನ ಊರ ಮುಂದೆ ನಿಲ್ಲಿಸೋಕೆ ಆಗುತ್ತಾ?" ಎಂದ ಗಂಡ ತಟ್ಟೆ ನೋಡುತ್ತ.

"ನನ್ನನ್ನ ನಿಲ್ಲಿಸಿದ್ರಲ್ಲ."

"ನೀನು ಚಿಕ್ಕವಳಮ್ಮ" ಎಂದರು ಅತ್ತೆ. "ಹೋದ ಹೆಸರು ನಾಳೆ ಮತ್ತೆ ಮಾಡ್ಕೊಬಹುದು. ಅವರಿಗೆ ಇನ್ನೇನು ಉಳಿದಿದೆ? ನಾಲ್ಕು ಜನ ಬಂದು ಡಾಕ್ಟ್ರೇ ಅಂತಾರೆ, ಅಷ್ಟೇ."

"ಅತ್ತೆ, ಸಂಘದವರು ಸಭೆ ಕರೆದಿದಾರೆ. ನನ್ನನ್ನ ತೆಗೆದು ಬೇರೆಯವರನ್ನ ಹಾಕೋಕೆ. ನಾಳೆ ಎಲ್ಲಿ ಮಾಡ್ಕೊಳ್ಳಲಿ ಹೆಸರು, ನಿಮ್ಮ ಅಡುಗೆಮನೇಲಾ?"

"ಮಾತು ಬೆಳೆಸಬೇಡ."

"ಇಷ್ಟು ದಿನ ಬೆಳೆಸದೆ ಇದ್ದಿದ್ದಕ್ಕೇ ಇಲ್ಲಿಗೆ ಬಂತು."

ಮಾವ ಕೈ ತೊಳೆಯದೆ ಕೂತಿದ್ದರು. ಕೊನೆಗೆ, "ಸಭೇಲಿ ನಾನೇ ಹೇಳ್ತೀನಿ" ಎಂದರು. "ತಪ್ಪು ನಂದು ಅಂತ ಎಲ್ಲರೆದುರು ಹೇಳ್ತೀನಿ. ನಿನ್ನ ಕೆಲಸ ಹೋಗೋಕೆ ಬಿಡಲ್ಲ."

ಸೊಸೆಗೆ ಕಣ್ಣು ತುಂಬಿ ಬಂತು. ಅಷ್ಟೆಲ್ಲ ಆದ ಮೇಲೂ ಆ ಒಂದು ಮಾತಿಗೆ ಅವಳ ಸಿಟ್ಟು ಅರ್ಧ ಇಳಿಯಿತು. ಒಳ್ಳೆಯ ಹೆಂಗಸರಲ್ಲಿ ಇದೊಂದು ದೊಡ್ಡ ಕೊರತೆ.

ಸಭೆಯ ಹಿಂದಿನ ದಿನ ಟೈಲರಮ್ಮ ಕಡಸನ್ನು ಕಸಾಯಿಖಾನೆಯವರಿಗೆ ಮಾರಿದಳೆಂದು ತಿಳಿಯಿತು. ಗೊಡ್ಡು ಎಂದು ಹೇಳಿದ್ದರಿಂದ ಅವರು ಕೊಟ್ಟಷ್ಟೇ ತೆಗೆದುಕೊಂಡಳಂತೆ. ಕಡಸಿನಲ್ಲಿ ಯಾವ ದೋಷವೂ ಇರಲಿಲ್ಲ. ಸೊಸೆ ಅವಳ ಮನೆಯವರೆಗೆ ಹೋಗಿ, ಹೊಲಿಗೆ ಮಿಷನ್ನಿನ ಸದ್ದು ಕೇಳಿ, ಬಾಗಿಲು ತಟ್ಟಲಾಗದೆ ವಾಪಸು ಬಂದಳು.

ಸಭೆ ನಡೆದದ್ದು ಹಾಲು ಸಂಗ್ರಹಿಸುವ ಕಟ್ಟಡದಲ್ಲಿ, ತೊಳೆದಿಟ್ಟ ಕ್ಯಾನುಗಳ ನಡುವೆ. ಹಸು ಸಾಕುವವರು ಗೋಡೆಯ ಉದ್ದಕ್ಕೂ ನಿಂತಿದ್ದರು. ಸಂಘದ ಕಾರ್ಯದರ್ಶಿ ವಿಷಯ ಎತ್ತುತ್ತಿದ್ದಂತೆ ಮಗಳು ಮುಂದೆ ಬಂದು, ನಳಿಕೆಗಳನ್ನು ತಾನೇ ಪರೀಕ್ಷೆ ಮಾಡಿದ್ದಾಗಿಯೂ ಎಲ್ಲವೂ ಸತ್ತಿರುವುದಾಗಿಯೂ ಹೇಳಿದಳು. ತನ್ನ ಅತ್ತಿಗೆಯ ಕೈಯಲ್ಲಿ ತಪ್ಪಿಲ್ಲ ಎಂದು ತೋರಿಸಲು ಹೇಳಿದ್ದು. ಕಾರ್ಯದರ್ಶಿ ಅದನ್ನು ಬೇರೆ ದಾರಿಗೆ ತಿರುಗಿಸಿದರು.

"ಸತ್ತಿವೆ ಅಂದ್ರೆ ನೈಟ್ರೋಜನ್ ತೀರಿದೆ. ಕಂಟೇನರ್ ಯಾರ ಹೆಸರಲ್ಲಿದೆಯಮ್ಮ?"

"ನನ್ನ ಹೆಸರಲ್ಲಿ" ಎಂದಳು ಸೊಸೆ. "ಆದ್ರೆ ಅದು ತೀರಿದ್ದು ನಾನು ಊರಲ್ಲಿ ಇಲ್ಲದಾಗ. ನೋಡ್ಕೊತಿದ್ದದ್ದು ಮಾವ."

ಸಭೆಯಲ್ಲಿ ಗುಜುಗುಜು ಎದ್ದಿತು. ಮಾವನ ಮೇಲೆ ಹೇಳ್ತಾಳಲ್ಲ ಎಂದು ಯಾರೋ ಗಟ್ಟಿಯಾಗಿಯೇ ಅಂದರು. ಮಾವ ಎದ್ದರು. ಒಳ್ಳೆಯ ಕೈಯಿಂದ ಕೆಟ್ಟ ಭುಜವನ್ನು ಹಿಡಿದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಅವಳು ಹೇಳಿದ್ದು ನಿಜ. ತಪ್ಪು ನಂದು. ಅವಳಿಲ್ಲದಾಗ ನೈಟ್ರೋಜನ್ ತೀರಿತು, ನನಗೆ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಮುಚ್ಚಿಟ್ಟೆ. ಅವಳ ಕೈಯಲ್ಲಿ ಏನೂ ತಪ್ಪಿಲ್ಲ."

ಒಂದು ಮಾತನ್ನೂ ನುಂಗಲಿಲ್ಲ, ಸುತ್ತಿ ಬಳಸಲಿಲ್ಲ. ಹೇಳಬೇಕಾದ್ದನ್ನೆಲ್ಲ ಹೇಳಿದರು. ಸೊಸೆ ಉಸಿರು ಬಿಟ್ಟಳು.

ಮೊದಲು ಮಾತಾಡಿದವಳು ಟೈಲರಮ್ಮ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೇಳಿದಳು.

"ನೋಡಿ, ಮಾವ ಅಂದ್ರೆ ಹೀಗಿರಬೇಕು. ಸೊಸೆ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಂಡ್ರು."

"ಇಲ್ಲಮ್ಮ, ನಿಜವಾಗಲೂ ನಾನೇ..."

"ಕೂತ್ಕೊಳ್ಳಿ ಡಾಕ್ಟ್ರೇ" ಎಂದರು ಕಾರ್ಯದರ್ಶಿ. ಅವರ ದನಿಯಲ್ಲೂ ಗೌರವ ತುಂಬಿತ್ತು. "ನಿಮ್ಮ ಕೈ ಏನು ಅಂತ ನಮಗೆ ಗೊತ್ತಿಲ್ವಾ? ನಿಮ್ಮ ಕೈಲಿ ಕಂಟೇನರ್ ಒಣಗುತ್ತೆ ಅಂದ್ರೆ ನಂಬೋಕೆ ನಾವೇನು ಮಕ್ಕಳಾ? ನೀವು ದೊಡ್ಡವರು, ದೊಡ್ಡತನ ತೋರಿಸಿದ್ರಿ. ಸಂಘಕ್ಕೆ ಅಷ್ಟು ಸಾಕು."

ಯಾರೋ ಕುರ್ಚಿ ತಂದಿಟ್ಟರು. ಇನ್ನೊಬ್ಬರು ತೋಳು ಹಿಡಿದು ಕೂರಿಸಲು ಬಂದರು. ಗೋಡೆಯ ಉದ್ದಕ್ಕೂ ತಲೆಗಳು ಮೆಚ್ಚಿ ಅಲ್ಲಾಡುತ್ತಿದ್ದವು. ಮಾವನ ಬಾಯಿ ಇನ್ನೊಂದು ಸಲ ತೆರೆಯಿತು. ಮಗಳು, "ಅಪ್ಪ, ಹೇಳು" ಎಂದಳು. ಅವರು ಸುತ್ತ ಒಮ್ಮೆ ನೋಡಿ, ಕುರ್ಚಿಯಲ್ಲಿ ಕೂತರು.

ಸೊಸೆ ಗಂಡನ ಕಡೆ ತಿರುಗಿದಳು. ಅವನು ಬಾಗಿಲ ಬಳಿ ವ್ಯಾನಿನ ಕೀಲಿ ಹಿಡಿದುಕೊಂಡು ನಿಂತಿದ್ದ.

"ನೀವು ಹೇಳಿ. ನೀವು ಕಣ್ಣಾರೆ ನೋಡಿದೀರಿ."

"ಅಪ್ಪ ಹೇಳಿದ್ರಲ್ಲ" ಎಂದ ಅವನು.

ಕೆಲಸವನ್ನು ಪಕ್ಕದ ಹಳ್ಳಿಯ ಒಬ್ಬನಿಗೆ ಕೊಟ್ಟು ಸಭೆ ಮುಗಿಯಿತು. ಕಂಟೇನರನ್ನು ಮರುದಿನ ಹಾಲಿನ ವ್ಯಾನಿಗೆ ಹೇರಿ ಸಂಘಕ್ಕೆ ತಲುಪಿಸಿದವನೂ ಗಂಡನೇ. ಡ್ಯೂಟಿ ಎಂದ.

ಸಂಜೆ ಮನೆಗೆ ಜನ ಬಂದರು. ಡಾಕ್ಟರನ್ನು ಮಾತಾಡಿಸಿ, ಕೈ ಹಿಡಿದು, ಈ ಕಾಲದಲ್ಲಿ ಇಂಥ ಮಾವ ಎಲ್ಲಿ ಸಿಗುತ್ತಾರೆ ಎಂದು ಹೇಳಿ ಹೋದರು. ಸೊಸೆ ಎಲ್ಲರಿಗೂ ಚಹಾ ಕೊಟ್ಟಳು. ಒಬ್ಬ ಹೆಂಗಸು ಲೋಟ ಇಸಿದುಕೊಳ್ಳುತ್ತ, "ಪುಣ್ಯ ಮಾಡಿದೀಯಮ್ಮ ನೀನು. ಇನ್ನು ಮೇಲಾದ್ರೂ ಅವರನ್ನ ಚೆನ್ನಾಗಿ ನೋಡ್ಕೋ" ಎಂದಳು. ಸೊಸೆ ಖಾಲಿ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡಳು. ಅತ್ತೆಗೆ ಅಂದು ಬಹಳ ದಿನಗಳ ಮೇ‌ಲೆ ನಗು ಬಂದಿತ್ತು.

ಊಟಕ್ಕೆ ಕೂತಾಗ ಮಾವ ತಟ್ಟೆಗೆ ಕೈ ಹಾಕಲಿಲ್ಲ.

"ಹೇಳಿದೆನಲ್ಲಮ್ಮ. ನಿನ್ನ ಎದುರಿಗೇ ಹೇಳಿದೆ. ಯಾರೂ ನಂಬಲಿಲ್ಲ, ನಾನೇನು ಮಾಡಲಿ?"

"ಹೇಳಿದ್ರಿ ಮಾವ. ಒಂದಕ್ಷರ ಬಿಡದೆ ಹೇಳಿದ್ರಿ. ನಾನು ಅಲ್ಲ ಅನ್ನಲ್ಲ" ಎಂದಳು ಸೊಸೆ. ಅವರ ತಟ್ಟೆಗೆ ಅನ್ನ ಹಾಕಿ, ಸೌಟು ಪಾತ್ರೆಯಲ್ಲಿಟ್ಟಳು. "ಒಂದೇ ಒಂದು ಮಾತು ಕೇಳ್ತೀನಿ. ಊರವರು ನಂಬಲ್ಲ ಅಂತ ಸಭೇಲಿ ಎದ್ದು ನಿಲ್ಲೋ ಮೊದಲೇ ನಿಮಗೆ ಗೊತ್ತಿತ್ತಾ?"

ಅತ್ತೆ, "ಉಣ್ಣೋರ ಹತ್ರ ಏನು ಕೇಳ್ತೀಯೇ" ಎಂದರು. ಗಂಡ ನೀರಿನ ಲೋಟ ಎತ್ತಿಕೊಂಡ. ನಾದಿನಿ ಮಾತ್ರ ಊಟ ನಿಲ್ಲಿಸಿ ತಂದೆಯ ಮುಖವನ್ನೇ ನೋಡುತ್ತಿದ್ದಳು.

ಮಾವ ಇಲ್ಲ ಎನ್ನಲು ಬಾಯಿ ತೆರೆದರು. ಸೊಸೆ ಕಾದಳು. ಅನ್ನ ತಣ್ಣಗಾಗುವವರೆಗೆ ಕಾದಳು.